ಕಿವುಡೆನಿಸಿಕೊಂಡ ಉಂಗುರ

ಲ್ಯಾಪ್‌ಟಾಪಿನ ಅಡಿಗೆ ನಾನು ಇಡುತ್ತಿದ್ದದ್ದು ಚಪಾತಿ ಆರಹಾಕುವ ತಂತಿಯ ಜಾಲರಿ. ಅದರ ಒಂದು ಕಾಲು ಉಳಿದ ಮೂರಕ್ಕಿಂತ ತುಸು ಗಿಡ್ಡ. ಆ ಕಾಲಿನ ಕೆಳಗೆ ಮಡಚಿದ ಬಟ್ಟೆಯ ಚೂರೊಂದನ್ನು ಕೊಟ್ಟರೆ ಅಲುಗಾಡುತ್ತಿರಲಿಲ್ಲ. ಹಾಗೆ ಇಟ್ಟಾಗ ಕೆಳಗಿನಿಂದ ಗಾಳಿ ಆಡಿ ಯಂತ್ರ ಸಂಜೆಯವರೆಗೂ ನಡೆಯುತ್ತಿತ್ತು. ಇಡದಿದ್ದರೆ ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಕಾದು ತಾನಾಗಿ ಆರಿಹೋಗುತ್ತಿತ್ತು. ಅಮ್ಮ ದಿನಾ ಬೆಳಿಗ್ಗೆ ಅಡುಗೆ ಮುಗಿಸಿ, ಜಾಲರಿ ತೊಳೆದು ಒರೆಸಿ, ನನ್ನ ಮೇಜಿನ ಮೇಲೆ ತಂದಿಡುತ್ತಿದ್ದಳು.

"ತೊಗೋ, ನಮ್ಮದೆಲ್ಲಾ ಆತು. ಇನ್ನ ನಿನ್ನ ಮಷೀನಿಂದು ಸುರು ಆಗ್ಲಿ," ಎನ್ನುತ್ತಿದ್ದಳು.

ಆ ಯಂತ್ರದ ಪರದೆಯ ಮೇಲೆ ನಾನು ನೋಡುತ್ತಿದ್ದದ್ದು ಯುರೋಪಿನಲ್ಲಿ ನೆಲದಡಿ ನಡೆಯುವ ಒಂದು ಪ್ರಯೋಗದ ದತ್ತಾಂಶ. ಅಲ್ಲಿ ಸುರಂಗದೊಳಗೆ ಪ್ರೋಟಾನ್‌ಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಡಿಕ್ಕಿಯಿಂದ ಸಿಡಿದದ್ದನ್ನು ಹಿಡಿಯಲು ಸುತ್ತಲೂ ಹಲವು ಮಹಡಿಗಳ ಎತ್ತರದ ಡಿಟೆಕ್ಟರ್ ನಿಂತಿದೆ. ಅದರ ಹೊರಗಿನ ಪದರಗಳಲ್ಲಿ ಬಾಗಿಲಿನಷ್ಟು ದೊಡ್ಡ, ತೆಳುವಾದ ಪೆಟ್ಟಿಗೆಗಳಿವೆ. ಅವಕ್ಕೆ ಚೇಂಬರ್ ಎನ್ನುತ್ತೇವೆ. ಎರಡು ಹಲಗೆ, ನಡುವೆ ಅನಿಲ, ಮೇಲೆ ವಿದ್ಯುತ್ ಒತ್ತಡ. ಮ್ಯೂಆನ್ ಎಂಬ ಕಣವೊಂದು ಹಾದುಹೋದರೆ ಚೇಂಬರಿನಲ್ಲಿ ಸಣ್ಣದೊಂದು ವಿದ್ಯುತ್ ಮಿಡಿತ ಏಳುತ್ತದೆ. ಆ ಮಿಡಿತ ಕೇಬಲ್ ಹಿಡಿದು ಒಂದು ಬೋರ್ಡಿಗೆ, ಬೋರ್ಡಿನಿಂದ ಕಂಪ್ಯೂಟರಿಗೆ ಹೋಗುತ್ತದೆ. ಯಾವ ಚೇಂಬರಿನ ಕೇಬಲ್ ಯಾವ ಬೋರ್ಡಿನ ಯಾವ ತೂತಿಗೆ ಹೋಗಿದೆ ಎಂದು ಕಂಪ್ಯೂಟರಿಗೆ ತಿಳಿಸಲು ಒಂದು ನಕ್ಷೆ ಬೇಕು. ಆ ನಕ್ಷೆಯೇ ನನ್ನ ಕೆಲಸ.

ಈಗ ಯಂತ್ರ ದೊಡ್ಡ ದುರಸ್ತಿಗಾಗಿ ನಿಲ್ಲುವ ಕಾಲ. ಹಳೆಯ ಬೋರ್ಡುಗಳನ್ನು ಕಿತ್ತು, ಹಿಂದಿಗಿಂತ ಎಷ್ಟೋ ಪಟ್ಟು ದತ್ತಾಂಶ ನುಂಗಬಲ್ಲ ಹೊಸವನ್ನು ಕೂಡಿಸುತ್ತಾರೆ. ಬೋರ್ಡು ಬದಲಾದರೆ ನಕ್ಷೆಯೂ ಬದಲಾಗಬೇಕು. ಪಿಎಚ್‌.ಡಿಗೆ ಸೇರಿದಾಗಿನಿಂದ ನಾನು ಹೊಸ ನಕ್ಷೆಯನ್ನು ಬರೆಯುತ್ತಲೇ ಇದ್ದೆ. ಅದರಲ್ಲೂ ಒಂದು ಉಂಗುರ ನಮ್ಮ ಗುಂಪಿನ ಪಾಲಿನದು. ಡಿಟೆಕ್ಟರಿನ ಒಂದು ತುದಿಯ ಗೋಡೆಯ ಮೇಲೆ, ಗಡಿಯಾರದ ಅಂಕಿಗಳ ಹಾಗೆ ಸುತ್ತಲೂ ಕೂಡಿಸಿದ ಚೇಂಬರ್‌ಗಳ ಸಾಲು ಅದು. ಅಲ್ಲಿನ ಪ್ರತಿ ಚೇಂಬರಿನ ಹೆಸರು, ಅದರ ಕೇಬಲ್, ಅದರ ಗದ್ದಲದ ಮಟ್ಟ ನನಗೆ ಬಾಯಿಪಾಠ.

ಆದರೆ ಅದನ್ನು ನಾನು ನೋಡಿರಲಿಲ್ಲ. ಹಿಂದಿನ ದುರಸ್ತಿಯ ಹೊತ್ತಿಗೆ ನೋಡಲು ಹೋಗುವ ಸರದಿ ನನಗೆ ಬಂದಾಗ ಅಪ್ಪನ ಹೃದಯದ ಆಪರೇಷನ್ ಹೈದರಾಬಾದಿನಲ್ಲಿ ಗೊತ್ತಾಯಿತು. ನನ್ನ ಬದಲು ಎಂ.ಎಸ್ಸಿಯಲ್ಲಿ ನನ್ನ ಜೊತೆ ಓದಿದ ಸಹಪಾಠಿಯೊಬ್ಬ ಹೋದ. ಅವನು ಕೆಲವು ತಿಂಗಳು ಆ ನೆಲಮಾಳಿಗೆಯಲ್ಲಿ ಕೇಬಲ್ ಕೆಲಸ ಮಾಡಿ ಬಂದ. ನಾನು ಆಸ್ಪತ್ರೆಯ ಪಡಸಾಲೆಯಿಂದ ಅವನಿಗೆ ಕೇಬಲ್ ಮೇಲಿನ ಚೀಟಿಗಳ ಪಟ್ಟಿ ಕಳಿಸುತ್ತಿದ್ದೆ. ಅಪ್ಪ ಸುಧಾರಿಸಿಕೊಂಡರು. ನಾನು ಮನೆಯಿಂದಲೇ ಕೆಲಸ ಮಾಡುವುದು ರೂಢಿಯಾಯಿತು.

ಇನ್ನೊಂದು ಅವಕಾಶ ಉಳಿದಿತ್ತು. ಹೊಸ ಬೋರ್ಡುಗಳು ಬಂದಾಗ ನಮ್ಮ ಉಂಗುರವನ್ನು ಅವಕ್ಕೆ ಜೋಡಿಸಲು ನಮ್ಮ ಗುಂಪಿನಿಂದ ಇಬ್ಬರು ಹೋಗಬೇಕಿತ್ತು. ಅದರಲ್ಲಿ ಒಬ್ಬಳು ನಾನು ಎಂದು ನನ್ನ ಮಾರ್ಗದರ್ಶಕರು ಹೇಳಿದ್ದರು. ಆ ಜೋಡಣೆಯೇ ನನ್ನ ಪ್ರಬಂಧದ ಕೊನೆಯ ಅಧ್ಯಾಯವಾಗಬೇಕಿತ್ತು. ವಿಶ್ವವಿದ್ಯಾಲಯ ನನ್ನ ಅವಧಿಯನ್ನು ಆಗಲೇ ವಿಸ್ತರಿಸಿ ಆಗಿತ್ತು, ಮತ್ತೆ ವಿಸ್ತರಿಸುವುದಿಲ್ಲ. ಉಂಗುರ ಉಳಿದರೆ ನಾನು ಹೋಗುತ್ತೇನೆ. ಉಳಿಯದಿದ್ದರೆ ಹೋಗಲು ಕಾರಣವೇ ಇಲ್ಲ.

ಉಂಗುರ ಉಳಿಯುವುದು ಅನುಮಾನವಾಗಿತ್ತು. ಈ ದುರಸ್ತಿಯಲ್ಲಿ ಅದನ್ನು ಕೈಬಿಡುವ ಮಾತು ನಡೆದಿತ್ತು. ಅದಕ್ಕೆ ಕೆಟ್ಟ ಹೆಸರು ಬಂದಿತ್ತು. ಅನಿಲ ಸೋರುತ್ತದೆ ಎಂದು ಮೊದಲಿನಿಂದಲೂ ದೂರು. ಹಿಂದಿನ ದುರಸ್ತಿಯ ನಂತರ ಅದರ ಹಲವು ಚೇಂಬರ್‌ಗಳು ಕಣ ಹಾದುಹೋದರೂ ಏನೂ ಹೇಳುತ್ತಿರಲಿಲ್ಲ. ಸಭೆಗಳಲ್ಲಿ ಅದನ್ನು ಕಿವುಡು ಉಂಗುರ ಎಂದು ಕರೆಯುವುದು ವಾಡಿಕೆಯಾಗಿತ್ತು. ಮೊದಲು ಯಾರೋ ತಮಾಷೆಗೆ ಅಂದದ್ದು. ಆಮೇಲೆ ಅದು ಚಿತ್ರಗಳ ಶೀರ್ಷಿಕೆಯಲ್ಲೂ ಬಂತು. ಸೋರುವ ಚೇಂಬರ್ ಕಿವುಡಾಗುವುದು ಸಹಜವಾದ್ದರಿಂದ ಯಾರೂ ಇನ್ನೊಂದು ಕಾರಣ ಹುಡುಕಲಿಲ್ಲ.

ನನಗೆ ಅನುಮಾನ ಬಂದದ್ದು ಆ ಕಿವುಡಿನ ಒಂದು ಗುಣದಿಂದ. ಕಿವುಡಾದ ಚೇಂಬರ್‌ಗಳು ಯಾವಾಗಲೂ ಜೋಡಿಯಾಗಿದ್ದವು, ಅಕ್ಕಪಕ್ಕದವು. ಅನಿಲ ಹೀಗೆ ಜೋಡಿ ನೋಡಿ ಸೋರುವುದಿಲ್ಲ. ಒಂದು ಚೇಂಬರಿನಲ್ಲಿ ಕಣ ಹಾದುಹೋಗಬೇಕಾದ ಗಳಿಗೆಯಲ್ಲಿ ಪಕ್ಕದ ಚೇಂಬರ್ ಏನು ಹೇಳುತ್ತದೆ ಎಂದು ನೋಡಿದೆ. ಪಕ್ಕದ್ದು ಕೂಗುತ್ತಿತ್ತು. ಕಣ ಅದರೊಳಗೆ ಹೋಗಿಯೇ ಇಲ್ಲ, ಆದರೂ ಕೂಗುತ್ತಿತ್ತು. ಹಾಗಾದರೆ ಚೇಂಬರ್ ಸರಿಯಾಗಿದೆ, ಅದರ ಮಾತು ಇನ್ನೊಂದರ ಹೆಸರಿನಲ್ಲಿ ದಾಖಲಾಗುತ್ತಿದೆ.

ಹಳೆಯ ನಕ್ಷೆಯನ್ನು ತೆರೆದು ನೋಡಿದಾಗ ಆ ಜೋಡಿಗಳ ಹೆಸರುಗಳನ್ನು ಬೇಕೆಂದೇ ಅದಲುಬದಲು ಮಾಡಿದ್ದು ಕಂಡಿತು. ನನಗಿಂತ ಮೊದಲು ಇದ್ದ ಒಬ್ಬ ವಿದ್ಯಾರ್ಥಿಯ ಕೆಲಸ. ಕೇಬಲ್ ಹಚ್ಚುವಾಗಲೇ ತಿರುಗುಮುರುಗಾಗಿತ್ತು, ಯಂತ್ರ ನಡೆಯುತ್ತಿರುವಾಗ ಕೆಳಗಿಳಿದು ಸರಿಪಡಿಸಲಾಗದು, ಆದ್ದರಿಂದ ಅವನು ನಕ್ಷೆಯಲ್ಲೇ ಸರಿಪಡಿಸಿದ್ದ. ಅದು ಎಲ್ಲರೂ ಮಾಡುವ ಉಪಾಯ. ಅವನ ಕಾಲದಲ್ಲಿ ಆ ಚೇಂಬರ್‌ಗಳು ಚೆನ್ನಾಗಿಯೇ ನಡೆದಿದ್ದವು. ಆಮೇಲೆ ದುರಸ್ತಿ ಬಂತು, ನನ್ನ ಸಹಪಾಠಿ ಕೆಳಗಿಳಿದ, ಆಮೇಲೆ ಕಿವುಡು.

ನಾನು ದೇವದುರ್ಗದ ಬಸ್ಸು ಹತ್ತಿದೆ.

ಸಹಪಾಠಿ ಮಸರಕಲ್‌ನವನು. ಅವನ ಅಪ್ಪ ಅವ್ವ ಇಬ್ಬರೂ ಹೊಲಗಳಲ್ಲಿ ಕೂಲಿ ಮಾಡಿ ಅವನನ್ನು ಓದಿಸಿದ್ದರು. ಪ್ರಾಜೆಕ್ಟಿನ ನೌಕರಿ ಮುಗಿದ ಮೇಲೆ ಅವನು ದೇವದುರ್ಗದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಬಸ್ ನಿಲ್ದಾಣದ ಎದುರಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಅಂಗಡಿಯಲ್ಲಿ ನನಗಾಗಿ ಕಾಯುತ್ತಿದ್ದ. ಮೊದಲಿಗಿಂತ ದಪ್ಪಗಾಗಿದ್ದ.

"ಬರ್ರಿ ಬಾಯೋರ. ದಾರಿ ತಪ್ಪಿ ಬಂದ್ರೇನು?"

ಬಾಯೋರು ಎಂದರೆ ಟೀಚರಮ್ಮ. ತರಗತಿಯಲ್ಲಿ ನಾನು ಎಲ್ಲರ ಲೆಕ್ಕದ ತಪ್ಪು ತಿದ್ದುತ್ತಿದ್ದೆನೆಂದು ಅವನು ಆಗಲೇ ಇಟ್ಟ ಹೆಸರು.

"ಫೋನಿನ್ಯಾಗ ಕೇಳೂ ಮಾತಲ್ಲ, ಅದಕ್ಕ ಬಂದೆ," ಎಂದೆ.

"ಹಂಗಾರ ಮದಿವಿ ಕಾರ್ಡು! ಕೊಡ್ರಿ ಮತ್ತ, ಯಾಕ ಮುಚ್ಚಿ ಇಟ್ಟೀರಿ?"

"ಅಲ್ಲ. ಕೇಬಲ್."

ಅವನು ಅಂಗಡಿಯವರೆಲ್ಲ ತಿರುಗಿ ನೋಡುವಂತೆ ನಕ್ಕ. "ನೀವು ಬದಲಾಗಂಗಿಲ್ಲ ಬಿಡ್ರಿ. ಮೊದ್ಲು ತಿನ್ರಿ, ಆಮ್ಯಾಲ ಕೇಬಲ್."

ತಿನ್ನುವಾಗ ಅವನೇ ಮಾತಾಡಿದ. ತಾನು ಅಷ್ಟು ಆಳಕ್ಕೆ ನೆಲದೊಳಗೆ ಇಳಿದಿದ್ದೆ ಎಂದು ಹೇಳಿದರೆ ಕಾಲೇಜಿನಲ್ಲಿ ಯಾರೂ ನಂಬುವುದಿಲ್ಲವಂತೆ.

"ಹಟ್ಟಿ ಗಣಿಯಾಗ ಇದ್ರೇನ್ರಿ ಸರ್ ಅಂತಾವ ಹುಡುಗ್ರು. ಹುಡುಗ್ರನ್ನ ಬಿಡ್ರಿ, ನಮ್ಮಪ್ಪ ಏನಂದ ಗೊತ್ತೇನು? ಅಷ್ಟು ದೂರ ಹೋಗಿ, ಅಷ್ಟು ಕೆಳಗ ಇಳದು, ಒಂದು ಚೂರರ ಬಂಗಾರ ಹಚಗೊಂಡು ಬರಬಾರದೇನಲೇ ಅಂದ."

"ನೀವೇನಂದ್ರಿ?"

"ಕಣ ತಂದೀನಿ ಯಪ್ಪಾ, ಕಣ್ಣಿಗೆ ಕಾಣಂಗಿಲ್ಲ ಅಂದೆ. ಹಂಗಾರ ನಿನ್ನ ಪಗಾರ ಇದ್ದಂಗ ಅದ ಅಂದ."

ನನಗೂ ನಗು ಬಂತು. ಆಮೇಲೆ ಕೇಳಿದೆ. "ನಮ್ಮ ತುದಿ ಗೋಡಿ ಉಂಗುರದಾಗ ನೀವು ಯಾವುದರೆ ಕೇಬಲ್ ಕಿತ್ತಿ ಬದಲು ಮಾಡಿ ಹಚ್ಚಿದ್ರೇನು?"

"ಹಚ್ಚಿದ್ದೆ," ಎಂದ ತಕ್ಷಣ. ಧ್ವನಿಯಲ್ಲಿ ಹೆಮ್ಮೆಯಿತ್ತು. "ಕೇಬಲ್ ಮ್ಯಾಲಿನ ಚೀಟಿ ಒಂದು, ಹೋದ ತೂತು ಒಂದು. ಮಗ್ಗಲ ಮಗ್ಗಲ ಚೇಂಬರಿನವು. ಯಾವನೋ ಪುಣ್ಯಾತ್ಮ ಉಲ್ಟಾ ಹಚ್ಚಿ ಹೋಗಿದ್ದ. ನಾನಾ ಏಣಿ ಹಾಕ್ಕೊಂಡು ಹತ್ತಿ ಎಲ್ಲಾ ಸರಿ ಮಾಡಿ ಬಂದೆ. ಅಲ್ಲಿ ಮಂದಿ ಬೆನ್ನು ಚಪ್ಪರಿಸಿದ್ರು."

"ಎಷ್ಟು ಜೋಡಿ?"

"ಐದಾರು ಇರಬೌದು. ಎಂಟಿದ್ರೂ ಇದ್ವು. ಯಾರಿಗೆ ನೆನಪಿರ್ತದ್ರಿ? ಕತ್ತು ಮ್ಯಾಲ ಮಾಡಿ ಮಾಡಿ ನೋವು ಬಂದದ್ದಷ್ಟ ನೆನಪದ."

ನಾನು ಅವನಿಗೆ ಹೇಳಿದೆ. ಆ ತಪ್ಪನ್ನು ಅವನಿಗಿಂತ ಮೊದಲೇ ಒಬ್ಬರು ನಕ್ಷೆಯಲ್ಲಿ ಸರಿಪಡಿಸಿದ್ದರು. ಅವನು ಏಣಿ ಹತ್ತಿ ಮತ್ತೊಮ್ಮೆ ಸರಿಪಡಿಸಿದ. ಎರಡು ಸಲ ಸರಿಪಡಿಸಿದ್ದರಿಂದ ಮತ್ತೆ ತಪ್ಪಾಯಿತು. ಕೇಬಲ್ ಹಚ್ಚುವವರ ಸಭೆ ಬೇರೆ, ನಕ್ಷೆ ಬರೆಯುವವರ ಸಭೆ ಬೇರೆ. ಎರಡೂ ಒಂದೇ ಹೊತ್ತಿಗೆ ನಡೆಯುತ್ತಿದ್ದವು.

ಅವನು ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗೆ ಸರಿಸಿದ.

"ನನಗ ಯಾರೂ ಹೇಳಲಿಲ್ಲಲ್ರಿ."

"ಗೊತ್ತದ. ನಕ್ಷೆ ಮಾಡಿದವರಿಗೂ ಯಾರೂ ಹೇಳಿಲ್ಲ. ನೀವು ಮಾಡಿದ್ದು ಸರಿ ಇತ್ತು."

"ಸರಿ ಇದ್ರ ಚೇಂಬರು ಯಾಕ ಕಿವುಡಾದ್ವು?"

"ಆಗಿಲ್ಲ. ಅದನ್ನ ಹೇಳಾಕ ಬಂದೀನಿ."

ಅವನ ಜೊತೆ ಮಾತಾಡುವಾಗ ನನ್ನ ಮಾತೂ ಅವನ ಕಡೆ ವಾಲುತ್ತದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ, ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ.

"ಅದು ನೋಡಾಕ ಹ್ಯಾಂಗದ?"

"ಯಾವುದು?"

"ಉಂಗುರ."

ಅವನು ಯೋಚಿಸಿದ. ನಿಜವಾಗಿಯೂ ನೆನಪಿಸಿಕೊಳ್ಳಲು ಪ್ರಯತ್ನಪಟ್ಟ. "ದೊಡ್ಡದದ್ರಿ," ಎಂದ. "ಬೋಲ್ಟು ಭಾಳ ಅದಾವು. ಹೆಂಗೂ ನೀವ ಹೊಂಟೀರಲ್ಲ, ನೋಡ್ತೀರಿ."

ಮನೆಗೆ ಬಂದು ಹಳೆಯ ದತ್ತಾಂಶವನ್ನು ಮತ್ತೆ ಓಡಿಸಿದೆ, ಈ ಸಲ ಹೆಸರುಗಳನ್ನು ತಿರುಗಿಸಿ. ಅದು ಮುಗಿಯಲು ಎರಡು ದಿನ ಹಿಡಿಯಿತು. ನಡುವೆ ಕರೆಂಟು ಹೋಗುತ್ತಿತ್ತು, ಆದರೆ ಲೆಕ್ಕ ನಡೆಯುವುದು ಅಲ್ಲಿನ ಕಂಪ್ಯೂಟರುಗಳಲ್ಲಿ. ನನ್ನದು ಇಲ್ಲಿಂದ ಕಾಯುವ ಕೆಲಸ ಮಾತ್ರ. ಚಿತ್ರ ಬಂತು. ಕಿವುಡೆಂದು ಕೆಂಪು ಬಣ್ಣ ಬಳಿದಿದ್ದ ಚೇಂಬರ್‌ಗಳು ಹೆಚ್ಚುಕಡಿಮೆ ಎಲ್ಲವೂ ಹಸಿರಾಗಿದ್ದವು. ಒಂದೆರಡು ನಿಜವಾಗಿ ಸೋರುತ್ತಿದ್ದವು. ಉಳಿದವು ಪಕ್ಕದ ಉಂಗುರದವುಗಳಷ್ಟೇ ಚೆನ್ನಾಗಿ ಕೇಳುತ್ತಿದ್ದವು. ಅವು ಎಲ್ಲ ಕಾಲದಲ್ಲೂ ಕೇಳುತ್ತಲೇ ಇದ್ದವು.

ನಾನು ಎದ್ದುಹೋಗಿ ನೀರು ಕುಡಿದು ಬಂದೆ. ಮತ್ತೆ ನೋಡಿದೆ. ಹಸಿರೇ ಇತ್ತು.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರು ಮೈಸೂರಿನ ಕಡೆಯವರು, ಮೆಲ್ಲಗೆ ಮಾತಾಡುತ್ತಾರೆ.

"ಒಳ್ಳೇ ಕೆಲಸ ಮಾಡಿದ್ದೀಯ," ಎಂದರು. "ಮುಂದಿನ ವಾರ ಅಪ್‌ಗ್ರೇಡಿನ ಕೊನೇ ಸಭೆ ಇದೆ. ಹತ್ತು ನಿಮಿಷ ಕೇಳ್ತೀನಿ. ಆದ್ರೆ ನೋಡಮ್ಮ, ತುಂಬಾ ಆಸೆ ಇಟ್ಕೋಬೇಡ."

"ಯಾಕೆ ಸರ್? ಕಾರಣ ತಪ್ಪು ಅಂತ ತೋರಿಸಿದ ಮೇಲೆ?"

"ಕಾರಣ ತಪ್ಪಿರಬಹುದು. ತೀರ್ಮಾನ ಬೇರೆ."

ನಾನು ಅದನ್ನು ಅವರ ಸ್ವಭಾವ ಎಂದುಕೊಂಡೆ. ಅವರು ಒಳ್ಳೆಯ ಸುದ್ದಿಯನ್ನೂ ಹಾಗೇ ಹೇಳುತ್ತಾರೆ.

ಸಭೆಯ ವಾರದಲ್ಲೇ ಮಾನ್ವಿಯ ಪಾಳಿ ಬಂತು. ಅಲ್ಲಿನ ಒಂದು ಸಣ್ಣ ಗುಡಿಯ ಪೂಜೆ ನಮ್ಮ ಮನೆತನದ್ದು. ಅಣ್ಣತಮ್ಮಂದಿರ ನಾಲ್ಕಾರು ಮನೆಗಳು ಸರದಿಯ ಮೇಲೆ ಮಾಡುತ್ತವೆ. ಯಾರ ಪಾಳಿಯೋ ಅವರ ಮನೆಯವರೆಲ್ಲ ಹೋಗಿ ನಿಲ್ಲಬೇಕು. ಅಪ್ಪ ಸಿರವಾರದ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದಾಗಲೂ ಒಂದು ಪಾಳಿ ತಪ್ಪಿಸಿದವರಲ್ಲ. ಆಪರೇಷನ್ ಆದ ವರ್ಷ ಮಾತ್ರ ಕಾಕಾ ಮಾಡಿದ್ದರು.

"ನೀನೂ ಬಾ," ಎಂದರು ಅಪ್ಪ. "ನಿಮ್ಮವ್ವಗ ಒಬ್ಬಾಕಿಗೆ ಆಗಂಗಿಲ್ಲ."

"ನನಗ ಮೀಟಿಂಗ್ ಅದ ಅಪ್ಪಾ. ಭಾಳ ಮುಖ್ಯದ್ದು."

"ಮಾನ್ವಿ ಒಳಗ ನೆಟ್ ಇಲ್ಲೇನು? ನಮಗಿಂತ ಛೊಲೋ ಅದ ಅಂತಾನ ನಿಮ್ಮ ಕಾಕಾ. ಅಲ್ಲೇ ಮಾಡು. ಹತ್ತು ನಿಮಿಷಂದಲ್ಲಾ?"

ಹೀಗೆ ನಾನು ಗುಡಿಯ ಹಿಂದಿನ ಮನೆಯಲ್ಲಿ, ಕಾಳಿನ ಡಬ್ಬಿಗಳಿದ್ದ ಕೋಣೆಯಲ್ಲಿ, ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ತೆರೆದು ಕೂತೆ. ಕಾಕಾನ ಹೆಂಡತಿ ಕಾಕು ಮಡಿಯಲ್ಲಿದ್ದಳು. ಮಡಿಯೆಂದರೆ ಮಿಂದು, ಯಾರೂ ಮುಟ್ಟದ ಸೀರೆ ಉಟ್ಟು, ನೈವೇದ್ಯ ಆಗುವವರೆಗೆ ಯಾರನ್ನೂ ಮುಟ್ಟದೆ ಇರುವುದು. ಬಾಗಿಲಲ್ಲಿ ನಿಂತು ನೋಡಿದಳು.

"ಏ, ಅಲ್ಲಿ ಕೂಡಬ್ಯಾಡ. ಮ್ಯಾಲ ಗಳದ ಮ್ಯಾಲ ನನ್ನ ನಾಳಿನ ಸೀರಿ ಅದ. ನಿನ್ನ ಡಬ್ಬಿ ವಯರು ತಾಗ್ತದ."

"ತಾಗಿದರ ಏನಾಗ್ತದ ಕಾಕು?"

"ಏನಾಗ್ತದ! ಮತ್ತ ತೊಯ್ಸಿ ಒಣಗಸಬೇಕು. ನಿನ್ನ ದೊರಿಗಳು ಬಂದು ಒಣಗಸ್ತಾರೇನು?"

"ಅವರು ನನ್ನ ಮಾತು ಕೇಳಿದ್ರ ಸಾಕಾಗೇದ."

"ಹಂಗಾರ ಸರದು ಕೂಡು," ಎಂದಳು. ಆಮೇಲೆ ಹೋಗುತ್ತ, ತಿರುಗದೆಯೇ, "ಛೊಲೋತ್ನಾಗಿ ಮಾತಾಡು, ಅಂಜಬ್ಯಾಡ," ಎಂದಳು.

ಅವರ ಬೆಳಗು ನಮ್ಮ ಮಧ್ಯಾಹ್ನ. ಪರದೆಯ ಮೇಲೆ ಸಣ್ಣ ಚೌಕಗಳಲ್ಲಿ ಮುಖಗಳು ಬಂದವು. ಕೆಲವರು ಪ್ರಯೋಗ ನಡೆಯುವ ಊರಿನ ಸಭಾಂಗಣದಲ್ಲಿ, ಕೆಲವರು ತಮ್ಮ ಮನೆಗಳಲ್ಲಿ. ಸಭೆ ನಡೆಸುವವರು ನರೆಗೂದಲಿನ ಒಬ್ಬ ಮಹಿಳೆ. ಐದು ವರ್ಷಗಳಿಂದ ನನ್ನ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಲು ಕಷ್ಟಪಡುವ, ನನಗೆ ಗೌರವವಿದ್ದ ವ್ಯಕ್ತಿ. ನನ್ನ ಸರದಿ ಬಂದಾಗ ಮೊದಲ ಚಿತ್ರ ತೋರಿಸಿದೆ. ಎರಡನೆಯದು ತೋರಿಸುವ ಹೊತ್ತಿಗೆ ಗುಡಿಯಲ್ಲಿ ನೈವೇದ್ಯದ ಜಾಗಟೆ ಶುರುವಾಯಿತು.

"ನಿಮ್ಮ ಕಟ್ಟಡದಲ್ಲಿ ಬೆಂಕಿ ಅಲಾರಂ ಏನಾದರೂ?" ಎಂದು ಒಬ್ಬರು ಗಾಬರಿಯಿಂದ ಕೇಳಿದರು.

"ಇಲ್ಲ. ಊಟದ ಹೊತ್ತು," ಎಂದೆ.

ಎಲ್ಲರೂ ನಕ್ಕರು. ಜಾಗಟೆ ನಿಲ್ಲುವವರೆಗೆ ಸದ್ದು ಮುಚ್ಚಿಕೊಂಡು ಕಾದೆ, ಅವರೂ ಕಾದರು. ಆಮೇಲೆ ಹೇಳಿದೆ. ಕೇಬಲ್ ಮೊದಲು ತಿರುಗಿದ್ದು, ನಕ್ಷೆಯಲ್ಲಿ ಸರಿಪಡಿಸಿದ್ದು, ಏಣಿಯ ಮೇಲೆ ಸರಿಪಡಿಸಿದ್ದು, ಕೆಂಪು, ಹಸಿರು. ಸಹಪಾಠಿಯ ಹೆಸರು ಹೇಳಲಿಲ್ಲ. ಮುಗಿಸಿದಾಗ ಹಸಿರು ಚಿತ್ರವನ್ನು ಮತ್ತೊಮ್ಮೆ ತೋರಿಸಲು ಕೇಳಿದರು. ಆಗ ನಾನು ಗೆದ್ದೆನೆಂದುಕೊಂಡೆ.

"ಇದು ಸುಂದರವಾದ ಕೆಲಸ," ಎಂದರು ಆ ಮಹಿಳೆ. "ನಾವೆಲ್ಲ ಇಷ್ಟು ವರ್ಷ ತಪ್ಪು ತಿಳಿದಿದ್ದೆವು. ಇದನ್ನು ಟಿಪ್ಪಣಿಯಾಗಿ ಬರೆದು ಪ್ರಯೋಗದ ದಾಖಲೆಯಲ್ಲಿ ಇಡಬೇಕು."

"ಹಾಗಾದರೆ ಉಂಗುರವನ್ನು ಹೊಸ ಬೋರ್ಡುಗಳಿಗೆ ಜೋಡಿಸಬಹುದೇ?" ಎಂದೆ.

ಬೋರ್ಡುಗಳ ಹೊಣೆ ಹೊತ್ತ ಎಂಜಿನಿಯರ್ ಉತ್ತರಿಸಿದರು. ಆ ಉಂಗುರ ಹೋಗುತ್ತದೆ ಎಂದುಕೊಂಡು ಅದರ ಪಾಲಿನ ಬೋರ್ಡುಗಳನ್ನು ಮಾಡಿಸಿಯೇ ಇರಲಿಲ್ಲ. ಅದರ ಕೇಬಲ್‌ಗಳು ಹಾಯುತ್ತಿದ್ದ ದಾರಿಯನ್ನು ಅದೇ ಗೋಡೆಗೆ ಬರಲಿರುವ, ಮ್ಯೂಆನ್ ಹಿಡಿಯುವ ಹೊಸ ಡಿಟೆಕ್ಟರಿನ ಪೈಪುಗಳಿಗೆ ಕೊಟ್ಟಾಗಿತ್ತು. ಪೈಪುಗಳು ಆಗಲೇ ಬಂದು ಗೋದಾಮಿನಲ್ಲಿ ಇದ್ದವು.

ಕಂಪ್ಯೂಟರಿನಲ್ಲಿ ಪ್ರಯೋಗವನ್ನು ಅನುಕರಿಸಿ ನೋಡುವ ಒಬ್ಬ ತರುಣ ಒಂದು ಚಿತ್ರ ತೋರಿಸಿದ. ಒಟ್ಟು ಎಷ್ಟು ಮ್ಯೂಆನ್ ಸಿಗುತ್ತವೆ ಎಂಬುದಕ್ಕೆ ಉಂಗುರ ಇದ್ದರೆ ಒಂದು ಗೆರೆ, ಇಲ್ಲದಿದ್ದರೆ ಇನ್ನೊಂದು. ನನಗೆ ಒಂದೇ ಗೆರೆ ಕಂಡಿತು. ಎರಡನೆಯದು ಅದರ ಕೆಳಗೇ ಇದೆ ಎಂದು ಅವನು ವಿವರಿಸಿದ. ಉಂಗುರ ಪೂರ್ಣವಾಗಿ ಕೇಳುತ್ತದೆ ಎಂದಿಟ್ಟುಕೊಂಡೇ ಹಾಕಿದ ಲೆಕ್ಕ ಅದು. ಹೊಸ ಡಿಟೆಕ್ಟರ್ ಬಂದ ಮೇಲೆ ಇದು ಕೇಳಿದರೂ ಅಷ್ಟೇ, ಕೇಳದಿದ್ದರೂ ಅಷ್ಟೇ.

"ಅಂದರೆ ಅದು ಕೆಟ್ಟಿದೆ ಎಂಬ ಕಾರಣಕ್ಕೆ ತೆಗೆಯುತ್ತಿಲ್ಲ," ಎಂದೆ.

"ಇಲ್ಲ," ಎಂದರು ಆ ಮಹಿಳೆ, ಮೃದುವಾಗಿ. "ನಿಮ್ಮ ಕೆಲಸದ ನಂತರ ಖಂಡಿತ ಇಲ್ಲ."

ಅವರು ಅದನ್ನು ಒಳ್ಳೆಯ ಮಾತು ಎಂದೇ ಹೇಳಿದರು. ನಾನು ಧನ್ಯವಾದ ಹೇಳಿದೆ. ಹೊಸ ನಕ್ಷೆಯಿಂದ ಆ ಉಂಗುರವನ್ನು ತೆಗೆಯಬೇಕಲ್ಲ, ಅದನ್ನು ಯಾರು ಮಾಡುತ್ತಾರೆ ಎಂದು ಪ್ರಶ್ನೆ ಬಂತು. ಅದನ್ನು ನಿಮ್ಮಷ್ಟು ಬಲ್ಲವರು ಬೇರೆ ಯಾರಿದ್ದಾರೆ ಎಂದು ನನ್ನನ್ನೇ ಕೇಳಿದರು. ಮಾಡುತ್ತೇನೆ ಎಂದೆ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ನಾನು ಸಭೆ ಮುಗಿಯುವವರೆಗೂ ಕೂತಿದ್ದೆ. ಎದ್ದುಹೋಗುವುದು ಅಸಭ್ಯ ಅನ್ನಿಸಿತು.

ಊಟಕ್ಕೆ ಕೂತಾಗ ಗಂಡಸರದೆಲ್ಲ ಮುಗಿದಿತ್ತು. ಅಪ್ಪ ಕಂಬಕ್ಕೆ ಒರಗಿ ಕೂತು ನನಗಾಗಿ ಕಾಯುತ್ತಿದ್ದರು.

"ಏನಂದ್ರವಾ?"

"ಛೊಲೋ ಮಾಡೀದಿ ಅಂದ್ರು."

"ಮತ್ತ?"

"ಬ್ಯಾಡ ಅಂದ್ರು."

ಅಪ್ಪ ಗಣಿತದ ಮೇಷ್ಟರು. ಉತ್ತರ ಸರಿ ಇದ್ದೂ ಅಂಕ ಬರದಿದ್ದರೆ ಅವರು ಮೊದಲು ವಿಧಾನ ನೋಡುತ್ತಾರೆ. "ನೀ ಎಲ್ಲೆರ ಸ್ಟೆಪ್ ಬಿಟ್ಟೀದೇನು?" ಎಂದು ಕೇಳಿದರು. ಇಲ್ಲ ಎಂದೆ. ಅವರು ಮತ್ತೆ ಕೇಳಲಿಲ್ಲ. ತಮ್ಮ ಎದೆಯ ಮೇಲಿನ ಗಾಯದ ಗುರುತನ್ನು ಅಂಗವಸ್ತ್ರದಿಂದ ಮುಚ್ಚಿಕೊಂಡರು. ಆ ಗಾಯದಿಂದಾಗಿ ನಾನು ಹೋಗಲಿಲ್ಲವೆಂದು ಅವರು ಎಂದೂ ಬಾಯಿಬಿಟ್ಟು ಅಂದಿಲ್ಲ, ನಾನೂ ಅಂದಿಲ್ಲ. ಅಂದೂ ಅನ್ನಲಿಲ್ಲ.

ಅಮ್ಮ ಸಾರು ಬಡಿಸುತ್ತಿದ್ದಳು. "ಹಂಗಾರ ಹೋಗೂದಿಲ್ಲೇನು?"

"ಇಲ್ಲ."

ಅವಳ ಮುಖ ಒಂದು ಗಳಿಗೆ ಹಗುರಾಯಿತು. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವಳೂ ನೋಡಿದಳು. "ಇನ್ನಷ್ಟು ಅನ್ನ ಹಾಕಿಸ್ಕೋ," ಎಂದು ಬೇಡವೆಂದರೂ ಹಾಕಿದಳು.

ಮಾರ್ಗದರ್ಶಕರ ಸಂದೇಶ ಬಂದಿತ್ತು. ಇದುವರೆಗಿನ ಕೆಲಸವನ್ನೇ ಜೋಡಿಸಿ ಪ್ರಬಂಧ ಮುಗಿಸಬಹುದೇ ನೋಡೋಣ, ಕೊನೆಯ ಅಧ್ಯಾಯ ಇಲ್ಲದೆ ಒಪ್ಪುತ್ತಾರೋ ಇಲ್ಲವೋ ತನಗೂ ಗೊತ್ತಿಲ್ಲ ಎಂದು ಬರೆದಿದ್ದರು. ಸುಳ್ಳು ಭರವಸೆ ಕೊಡದಿದ್ದಕ್ಕೆ ಅವರ ಬಗ್ಗೆ ನನಗೆ ಕೋಪ ಬರಲಿಲ್ಲ. ಒಪ್ಪಿದರೂ ಅದು ಈಗ ಯಾರೂ ಜೋಡಿಸದ ಕೇಬಲ್‌ಗಳ ನಕ್ಷೆಯ ಮೇಲಿನ ಪ್ರಬಂಧ. ಅದನ್ನು ಓದಿ ಯಾರೂ ಎಲ್ಲಿಗೂ ಇಳಿಯುವುದಿಲ್ಲ.

ಸಂಜೆ ಸಹಪಾಠಿ ಫೋನ್ ಮಾಡಿದ.

"ಏನಾತ್ರಿ ಬಾಯೋರ? ಪೇಢೆ ಯಾವಾಗ?"

ಹೇಳಿದೆ. ಅವನ ಕಡೆಯಿಂದ ಯಾವುದೋ ಟ್ರ್ಯಾಕ್ಟರಿನ ಸದ್ದು ಬಂದು ಹೋಯಿತು.

"ನಾನು ಆ ಏಣಿ ಹತ್ತದ ಇದ್ರ?" ಎಂದ ಕೊನೆಗೆ.

"ಏನೂ ಬದಲಾಗ್ತಿರಲಿಲ್ಲ. ಅವರು ಹ್ಯಾಂಗೂ ತೆಗೀತಿದ್ರು."

"ಖರೇನಾ, ಇಲ್ಲಾ ನನ್ನ ಸಮಾಧಾನಕ್ಕ ಅನ್ನಾಕತ್ತೀರೊ?"

"ನಾ ಸಮಾಧಾನಕ್ಕ ಯಾವಾಗರೆ ಏನರೆ ಅಂದೀನೇನು?"

"ಅದೂ ಖರೇನ ಅದ," ಎಂದ. ಆಮೇಲೆ, ತನ್ನ ಕಾಲೇಜಿನಲ್ಲಿ ಮುಂದಿನ ವರ್ಷಕ್ಕೆ ಭೌತಶಾಸ್ತ್ರದ ಇನ್ನೊಂದು ಅತಿಥಿ ಹುದ್ದೆ ಖಾಲಿಯಾಗುತ್ತದೆ ಎಂದ. "ಬೇಕಾದ್ರ ಅಷ್ಟ. ಮತ್ತ ಸಿಟ್ಟಾಗಬ್ಯಾಡ್ರಿ." ಯೋಚಿಸುತ್ತೇನೆ ಎಂದೆ. ಅವನು ಕೇಳಿದ್ದು ಒಳ್ಳೆಯ ಮನಸ್ಸಿನಿಂದ. ಹಾಗಾಗಿಯೇ ಉತ್ತರಿಸುವುದು ಕಷ್ಟವಾಯಿತು.

ಮರುದಿನ ಬೆಳಿಗ್ಗೆ, ಅಪ್ಪ ಅಭಿಷೇಕಕ್ಕೆ ನೀರು ಸೇದುತ್ತಿರುವಾಗ, ನಾನು ಸ್ನಾನ ಮುಗಿಸಿ ಅದೇ ಕೋಣೆಯಲ್ಲಿ ಕೂತು ನಕ್ಷೆಯನ್ನು ತೆರೆದೆ. ಇಡೀ ಉಂಗುರವನ್ನು ತೆಗೆಯಲು ಒಂದು ಆಜ್ಞೆ ಸಾಕಿತ್ತು. ಅದನ್ನು ಕೊಡಲಿಲ್ಲ. ಮೊದಲು ಅದಲುಬದಲಾಗಿದ್ದ ಜೋಡಿಗಳನ್ನು ಒಂದೊಂದಾಗಿ ಹುಡುಕಿ, ಪ್ರತಿ ಚೇಂಬರಿಗೂ ಅದರ ಸರಿಯಾದ ಹೆಸರನ್ನು ಹಿಂತಿರುಗಿಸಿದೆ. ಆ ಜೋಡಿಗಳೆಲ್ಲ ಹಸಿರಾಗಿವೆಯೇ ಎಂದು ಪರೀಕ್ಷೆ ಓಡಿಸಿ ನೋಡಿದೆ. ಆಗಿದ್ದವು. ಏನು ಬದಲಾಯಿಸಿದೆ, ಯಾಕೆ ಎಂದು ಎರಡು ಸಾಲು ಬರೆದು ಉಳಿಸಿದೆ. ಆಮೇಲೆ ಉಂಗುರವನ್ನು ತೆಗೆದೆ.